ಯಜಮಾನರ ರುಜು

ನಮ್ಮ ಕಡೆಯ ಹೆಂಗಸರು ಬಸಿರನ್ನು ಮೊದಲ ದಿನಗಳಲ್ಲಿ ಅದರ ಹೆಸರು ಹಿಡಿದು ಕರೆಯುವುದು ಅಪರೂಪ; ‘ತಿಂಗಳು ನಿಂತಿದೆ’ ಎನ್ನುತ್ತಾರೆ, ‘ಹೊರಗಾಗಿ ಎರಡು ತಿಂಗಳಾಯಿತು’ ಎನ್ನುತ್ತಾರೆ, ಮತ್ತು ಹೇಳುವ ಧ್ವನಿಯಲ್ಲಿಯೇ ಅದು ಬಯಸಿ ಬಂದದ್ದೋ ಬೇಡದೆ ಬಂದದ್ದೋ ಎಂಬುದು ಕೇಳುವವಳಿಗೆ ತಿಳಿದುಹೋಗುತ್ತದೆ. ನಮ್ಮ ಮನೆಯಲ್ಲಿ ಬಹುಕಾಲದಿಂದ ಅಡಿಗೆಯ ಕೆಲಸ ನೋಡಿಕೊಳ್ಳುತ್ತಿರುವ ಹೆಣ್ಣುಮಗಳು, ಮೂರು ವರ್ಷಗಳ ಹಿಂದಿನ ಆಷಾಢದಲ್ಲಿ ಒಂದು ಬೆಳಿಗ್ಗೆ, ಹುರುಳಿಕಾಯಿ ಸೋಸುತ್ತ ಕುಳಿತಿದ್ದವಳು, ತಲೆಯೆತ್ತದೆಯೇ ‘ತಿಂಗಳು ನಿಂತದೆ ಅಮ್ಮಾವ್ರೆ’ ಎಂದಾಗ, ಆ ಧ್ವನಿಯನ್ನು ಕೇಳಿ ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟೆ.

ಅವಳಿಗೆ ಇಬ್ಬರು ಮಕ್ಕಳು. ಹಿರಿಯವಳು ಆಗ ಒಂಬತ್ತನೆಯ ತರಗತಿ, ಕಿರಿಯವನು ಆರನೆಯ ತರಗತಿ. ಗಂಡ ಲಾರಿಯ ಡ್ರೈವರು. ಮುಂಬಯಿಯ ಕಡೆಗೆ ಹೋದರೆ ಊರಿಗೆ ಮರಳುವುದು ಎಂದೋ, ಹಣ ಕಳುಹಿಸುವುದು ಎಂದೋ, ಎರಡಕ್ಕೂ ನಿಯಮವಿಲ್ಲ. ‘ಇನ್ನೊಂದನ್ನ ಸಾಕೋ ಶಕ್ತಿ ನಂಗಿಲ್ಲ, ತೆಗೆಸಿಬಿಡ್ತೀನಿ’ ಎಂದಳು. ಆ ಒಂದು ವಾಕ್ಯವನ್ನು ಆಡುವುದಕ್ಕೆ ಮೊದಲು ಅವಳು ಎಷ್ಟು ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕಿದ್ದಳೆಂಬುದನ್ನು ನಾನು ಕೇಳಲಿಲ್ಲ. ಮರುದಿನ ಇಬ್ಬರೂ ಕೂಡಿ ನಮ್ಮ ಊರಿನ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಪರೀಕ್ಷೆಯಾಯಿತು, ಎಂಟು ವಾರ ಎಂದರು. ಅಲ್ಲಿಯವರೆಗೆ ಎಲ್ಲವೂ ಸರಾಗವಾಗಿಯೇ ನಡೆಯಿತು. ಬಳಿಕ ಹೊರಗಿನ ಮೇಜಿನ ಹಿಂದೆ ಕುಳಿತಿದ್ದ ಸಿಸ್ಟರು, ‘ಯಜಮಾನ್ರು ಬಂದಿಲ್ವಾ?’ ಎಂದು ಕೇಳಿದಳು. ಇಲ್ಲವೆಂದಾಗ, ‘ಅವರ ಸೈನ್ ಇಲ್ದೆ ಡಾಕ್ಟ್ರು ಮುಟ್ಟೋದಿಲ್ಲ, ಅತ್ತೆಯಾದ್ರೂ ಬರಲಿ’ ಎಂದಳು. ಆ ಮಾತಿನಲ್ಲಿ ಕಾಠಿಣ್ಯವಿರಲಿಲ್ಲ. ಪಾಪ, ಅವಳಿಗೆ ಹಾಗೆ ಹೇಳಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅವಳ ತಲೆಯ ಮೇಲಿನ ಗೋಡೆಯಲ್ಲಿ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ ಎಂಬ ಫಲಕವಿತ್ತು. ನನ್ನ ಜೊತೆಯವಳು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ನನ್ನ ಕಿವಿಯ ಬಳಿ ಬಾಗಿ, ‘ನೋಡಿ ಅಮ್ಮಾವ್ರೆ, ಅಪರಾಧ ಅಂತ ಬರೆದವ್ರೆ, ಬನ್ನಿ ಹೋಗಣ’ ಎಂದಳು.

ಬಸ್ ನಿಲ್ದಾಣದ ಕಡೆಗೆ ನಡೆಯುತ್ತ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ‘ಯಜಮಾನ’ ಎಂಬ ಶಬ್ದ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳಾದ್ದರಿಂದ ಶಬ್ದಗಳ ಬೆನ್ನು ಹತ್ತುವುದು ನನಗೆ ಅಭ್ಯಾಸ. ಗಂಡನನ್ನು ಯಜಮಾನನೆನ್ನುವ ರೂಢಿ ನಮ್ಮಲ್ಲಿ ಎಷ್ಟು ಬಲಿತಿದೆಯೆಂದರೆ ಆ ಪದಕ್ಕೆ ಒಡೆಯನೆಂಬುದೊಂದೇ ಅರ್ಥವೆಂದು ಎಲ್ಲರೂ ತಿಳಿದಿದ್ದೇವೆ. ಆದರೆ ಮೂಲದಲ್ಲಿ ಯಜಮಾನನೆಂದರೆ ಯಜ್ಞವನ್ನು ತನಗಾಗಿ ಮಾಡಿಸುವವನು. ದೀಕ್ಷೆಯನ್ನು ಹಿಡಿದು, ಉಪವಾಸ ನಿಯಮಗಳ ಶ್ರಮವನ್ನೆಲ್ಲ ತನ್ನ ದೇಹದ ಮೇಲೆ ಹೊತ್ತು, ಕರ್ಮದ ಫಲಕ್ಕೆ ತಾನೇ ಭಾಗಿಯಾಗತಕ್ಕವನು. ಈ ಅರ್ಥವನ್ನು ಒಪ್ಪಿದರೆ, ಒಂಬತ್ತು ತಿಂಗಳು ಹೊರುವ, ಹೆರುವ, ಹೆತ್ತ ಮೇಲೆ ಹಾಲೂಡಿಸಿ ಎತ್ತಿ ಆಡಿಸುವ ಆ ಮಹಾಕರ್ಮಕ್ಕೆ ಯಜಮಾನರು ಯಾರು? ನಾಸಿಕದ ಆಚೆ ಎಲ್ಲಿಯೋ ಲಾರಿ ಓಡಿಸುತ್ತಿದ್ದು ಫೋನನ್ನೂ ತೆಗೆಯದ ಆ ಮನುಷ್ಯನೋ, ಅಥವಾ ನನ್ನ ಪಕ್ಕದಲ್ಲಿ ಸೆರಗು ಬಿಗಿಹಿಡಿದು ನಡೆಯುತ್ತಿದ್ದ ಇವಳೋ?

ನಮ್ಮ ದೇಶದ ಕಾನೂನು ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಚೆನ್ನಾಗಿಯೇ ಹೇಳಿದೆ. 1971ರ ಗರ್ಭಪಾತ ಕಾಯಿದೆಯ ಪ್ರಕಾರ ಹದಿನೆಂಟು ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಹೆಣ್ಣಿನ ಸಮ್ಮತಿಯೊಂದೇ ಸಾಕು. ಗಂಡನದಾಗಲಿ, ತಂದೆಯದಾಗಲಿ, ಅತ್ತೆಯದಾಗಲಿ ಒಪ್ಪಿಗೆಯನ್ನು ಅದು ಕೇಳುವುದಿಲ್ಲ. ಸಮ್ಮತಿಯನ್ನು ಬರೆದುಕೊಡುವುದಕ್ಕೆ ನಿಯಮಗಳಲ್ಲಿ ‘ಸಿ’ ಎಂಬ ನಮೂನೆಯಿದೆ; ಅದರಲ್ಲಿ ಹೆಣ್ಣು ತನ್ನ ಹೆಸರು, ಇಂಥವರ ಮಗಳು ಅಥವಾ ಹೆಂಡತಿ ಎಂಬ ವಿವರ, ವಯಸ್ಸು, ವಿಳಾಸಗಳನ್ನು ಬರೆದು ರುಜು ಹಾಕತಕ್ಕದ್ದು. ಪೋಷಕರ ರುಜು ಬೇಕಾಗುವುದು ಅಪ್ರಾಪ್ತ ವಯಸ್ಸಿನವಳಿಗೆ ಅಥವಾ ಮಾನಸಿಕ ಅಸ್ವಾಸ್ಥ್ಯವುಳ್ಳವಳಿಗೆ ಮಾತ್ರ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಕುಟುಂಬದವರ ಒಪ್ಪಿಗೆ, ದಾಖಲೆ, ಕೋರ್ಟಿನ ಅಪ್ಪಣೆ ಮುಂತಾಗಿ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಕೂಡದೆಂದು ಸ್ಪಷ್ಟವಾಗಿಯೇ ಹೇಳಿತು. ಇಷ್ಟೆಲ್ಲ ಇದ್ದೂ ಸಣ್ಣ ಊರುಗಳಲ್ಲಿ ಯಜಮಾನರ ರುಜುವಿಲ್ಲದೆ ಕೆಲಸ ನಡೆಯುವುದಿಲ್ಲ ಎಂಬುದನ್ನು ಈ ದಾರಿಯಲ್ಲಿ ಒಮ್ಮೆ ನಡೆದ ಯಾವ ಹೆಣ್ಣಾದರೂ ಹೇಳಿಯಾಳು. ಸಮ್ಮತಿ ಎಂಬುದು ತನ್ನ ಒಳಗಿನಿಂದ ಬರತಕ್ಕದ್ದು. ಅನುಮತಿ ಎಂಬುದು ಹೊರಗಿನವರು ಕೊಡತಕ್ಕದ್ದು. ಕಾನೂನು ಮೊದಲನೆಯದನ್ನು ಬರೆಯಿತು. ಜನ ಎರಡನೆಯದನ್ನು ಓದಿಕೊಂಡರು.

ಜನರನ್ನಷ್ಟೇ ದೂರುವುದು ನ್ಯಾಯವಲ್ಲ. ಕಾನೂನಿನ ಒಳಗೂ ಒಂದು ಕುಂದಿದೆ. ಕಾನೂನು ಹುಟ್ಟಿದ ಬಗೆಯನ್ನು ನೋಡಿದರೆ ಆ ಕುಂದು ಏಕೆ ಇದೆಯೆಂಬುದು ತಿಳಿಯುತ್ತದೆ. 1860ರ ಭಾರತೀಯ ದಂಡಸಂಹಿತೆ ಗರ್ಭಸ್ರಾವ ಮಾಡಿಸುವುದನ್ನು, ತಾಯಿಯ ಪ್ರಾಣ ಉಳಿಸುವ ಸಂದರ್ಭವನ್ನು ಬಿಟ್ಟು, ಅಪರಾಧವೆಂದು ವಿಧಿಸಿತು. ಮಾಡಿದವನ ಜೊತೆಗೆ ತಾನೇ ಮಾಡಿಕೊಂಡ ಹೆಣ್ಣೂ ಅಪರಾಧಿಯೇ. ಆಂಗ್ಲರು ಬರೆದ ಆ ಕಲಮು ನೂರು ವರ್ಷ ಕದಲದೆ ನಿಂತಿತು. ಆ ನೂರು ವರ್ಷಗಳಲ್ಲಿ ಬಾಲವಿಧವೆಯರು, ಕೂಲಿಯ ಹೆಂಗಸರು, ಮೇಲಿಂದ ಮೇಲೆ ಹೆತ್ತು ಸೋತ ಗೃಹಿಣಿಯರು ಸೂಲಗಿತ್ತಿಯರ ಬೇರು ನಾರು ಕಡ್ಡಿಗಳಿಗೆ ಮೈಯೊಡ್ಡಿ ಎಷ್ಟು ಮಂದಿ ಸತ್ತರೋ, ಲೆಕ್ಕವಿಟ್ಟವರಿಲ್ಲ. ಅನಂತಮೂರ್ತಿಯವರು ‘ಘಟಶ್ರಾದ್ಧ’ ಎಂಬ ಕಥೆಯಲ್ಲಿ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರ ಚಿತ್ರದಲ್ಲಿ ತೋರಿಸಿದ ವಿಧವೆ ಯಮುನಕ್ಕನ ಪಾಡು ಕೇವಲ ಕಲ್ಪನೆಯಾಗಿರಲಿಲ್ಲವೆಂಬುದು ಮಲೆನಾಡಿನ ಹಿರಿಯ ಹೆಂಗಸರಿಗೆಲ್ಲ ಗೊತ್ತು: ರಾತ್ರಿಯಲ್ಲಿ ಗುಟ್ಟಾಗಿ ಗರ್ಭ ಇಳಿಸಿಕೊಂಡ ಮಗಳಿಗೆ, ಅವಳು ಉಸಿರಾಡುತ್ತಿರುವಾಗಲೇ, ಹೆತ್ತ ತಂದೆ ಶ್ರಾದ್ಧ ಮಾಡುತ್ತಾನೆ.

1964ರಲ್ಲಿ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1966ರ ಕೊನೆಗೆ ತನ್ನ ವರದಿಯನ್ನು ಒಪ್ಪಿಸಿತು. ಅದರ ಆಧಾರದ ಮೇಲೆ ಸಂಸತ್ತು 1971ರಲ್ಲಿ ಕಾಯಿದೆ ಮಾಡಿತು; 1972ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಅಮೆರಿಕದ ಸುಪ್ರೀಂ ಕೋರ್ಟು ಇದೇ ವಿಷಯದಲ್ಲಿ ಹೆಸರಾದ ತೀರ್ಪನ್ನು ಕೊಟ್ಟದ್ದು 1973ರಲ್ಲಿ. ನಾವು ಅದಕ್ಕೂ ಮೊದಲು ಈ ದಾರಿ ತುಳಿದೆವು, ಮತ್ತು ಅವರು 2022ರಲ್ಲಿ ಆ ತೀರ್ಪನ್ನು ತಾವೇ ಅಳಿಸಿಹಾಕಿದಾಗಲೂ ನಮ್ಮ ಕಾಯಿದೆ ಅಲುಗಲಿಲ್ಲ. ಇದಕ್ಕಾಗಿ ಅಂದಿನ ಸಂಸತ್ತಿಗೆ ನಮಸ್ಕಾರ ಸಲ್ಲತಕ್ಕದ್ದೇ. ಆದರೆ ಆ ಕಾಯಿದೆಯನ್ನು ಬರೆಯಿಸಿದ ಚಿಂತೆಗಳು ಎರಡು: ತಾಯಂದಿರ ಮರಣ ಒಂದು, ಜನಸಂಖ್ಯೆಯ ಏರಿಕೆ ಇನ್ನೊಂದು. ಹೆಣ್ಣಿನ ಸ್ವಾತಂತ್ರ್ಯವೆಂಬುದು ಆಗ ಯಾರ ಬಾಯಲ್ಲಿಯೂ ಮುಖ್ಯವಾದ ಮಾತಾಗಿರಲಿಲ್ಲ.

ಇದರ ಗುರುತು ಕಾಯಿದೆಯ ವಾಕ್ಯರಚನೆಯಲ್ಲಿಯೇ ಉಳಿದಿದೆ. ಮೂರನೆಯ ಪ್ರಕರಣವನ್ನು ನಾನು ಹಳೆಯ ಅಭ್ಯಾಸದಂತೆ ಅನ್ವಯ ಮಾಡಿ ನೋಡಿದೆ. ಇಂತಿಂಥ ಸಂದರ್ಭದಲ್ಲಿ ನೋಂದಾಯಿತ ವೈದ್ಯನು ಗರ್ಭವನ್ನು ಕೊನೆಗೊಳಿಸಿದರೆ ಅವನು ಅಪರಾಧಿಯಾಗುವುದಿಲ್ಲ ಎಂಬುದು ಅದರ ತಿರುಳು. ವಾಕ್ಯದ ಕರ್ತೃ ವೈದ್ಯ, ಕರ್ಮ ಗರ್ಭ, ಹೆಣ್ಣು ಬರುವುದು ಷಷ್ಠೀ ವಿಭಕ್ತಿಯಲ್ಲಿ, ಅವಳ ಪ್ರಾಣಕ್ಕೆ, ಅವಳ ದೇಹಾರೋಗ್ಯಕ್ಕೆ, ಅವಳ ಮನಸ್ಸಿನ ಸ್ವಾಸ್ಥ್ಯಕ್ಕೆ ಅಪಾಯವಿದೆಯೆಂದು ವೈದ್ಯನು ಸದ್ಭಾವನೆಯಿಂದ ಅಭಿಪ್ರಾಯಪಟ್ಟರೆ ಎಂಬ ಕಡೆ. ‘ನನಗೆ ಬೇಡ’ ಎಂದು ಅವಳು ಹೇಳುವ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಅದನ್ನು ವೈದ್ಯನು ತನ್ನ ಅಭಿಪ್ರಾಯವಾಗಿ ಅನುವಾದಿಸಿಕೊಳ್ಳಬೇಕು. ಮನಸ್ಸುಳ್ಳ ವೈದ್ಯೆಯಾದರೆ ಅನುವಾದ ಎರಡು ನಿಮಿಷದ ಕೆಲಸ. ಅಂಜುಬುರುಕರಾದರೆ ಅದೇ ಕಬ್ಬಿಣದ ಬಾಗಿಲು. ದಂಡಸಂಹಿತೆಯ ಹಳೆಯ ಕಲಮಾದರೋ ಎಲ್ಲಿಯೂ ಹೋಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 88ನೆಯ ಕಲಮಾಗಿ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ, ಕುಳಿತಿದೆ. ಗರ್ಭಪಾತ ಇಂದಿಗೂ ನಮ್ಮಲ್ಲಿ ಮೂಲತಃ ಅಪರಾಧ; ಕಾಯಿದೆ ಕೊಟ್ಟಿರುವುದು ವೈದ್ಯನಿಗೊಂದು ರಕ್ಷೆ.

2021ರ ತಿದ್ದುಪಡಿ ಇದನ್ನು ಬದಲಿಸಲಿಲ್ಲವಾದರೂ ಬಾಗಿಲನ್ನು ಅಗಲ ಮಾಡಿತೆಂಬುದನ್ನು ಒಪ್ಪಬೇಕು. ಇಪ್ಪತ್ತು ವಾರಗಳವರೆಗೆ ಒಬ್ಬರೇ ವೈದ್ಯರ ಅಭಿಪ್ರಾಯ ಸಾಕೆಂದಾಯಿತು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಗರ್ಭ ನಿಂತ ಮೇಲೆ ವಿಧವೆಯರಾದವರು ಅಥವಾ ವಿಚ್ಛೇದಿತರಾದವರು ಮೊದಲಾದ ಕೆಲವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶವಾಯಿತು. ಗರ್ಭನಿರೋಧಕ ಸೋತ ಸಂದರ್ಭಕ್ಕೆ ಮೊದಲು ‘ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ’ ಎಂದಿದ್ದ ಕಡೆ ‘ಸ್ತ್ರೀ ಅಥವಾ ಆಕೆಯ ಸಂಗಾತಿ’ ಎಂದು ಬರೆದರು. ಈ ಒಂದು ಪದದ ಬದಲಾವಣೆಯನ್ನು ಹಿಡಿದೇ ಸುಪ್ರೀಂ ಕೋರ್ಟು, ನಾನು ಮೇಲೆ ಹೇಳಿದ 2022ರ ತೀರ್ಪಿನಲ್ಲಿ, ಅವಿವಾಹಿತೆಗೂ ವಿವಾಹಿತೆಗೂ ಭೇದ ಮಾಡಕೂಡದೆಂದು ನಿರ್ಣಯಿಸಿತು. ಗಂಡನೇ ಬಲಾತ್ಕಾರ ಮಾಡಿದ್ದರೆ ಅದನ್ನೂ, ಈ ಕಾಯಿದೆಯ ಮಟ್ಟಿಗೆ, ಅತ್ಯಾಚಾರವೆಂದೇ ಎಣಿಸಬೇಕೆಂದಿತು. ಆ ಪೀಠದ ಮೂವರಲ್ಲಿ ಒಬ್ಬರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣನವರು. ಅದಕ್ಕೆ ಐದು ವರ್ಷ ಹಿಂದೆ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯನ್ನು ಹೂಡಿದವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ. ಹೆರುವುದೋ ಬೇಡವೋ ಎಂಬ ನಿಶ್ಚಯ ವ್ಯಕ್ತಿಸ್ವಾತಂತ್ರ್ಯದ ಅಂಗವೆಂಬ ವಿಚಾರಕ್ಕೆ ಆ ತೀರ್ಪು ಗಟ್ಟಿಯಾದ ನೆಲವನ್ನು ಕೊಟ್ಟಿತು.

ಆದರೂ 2023ರ ಅಕ್ಟೋಬರಿನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಎರಡು ಮಕ್ಕಳ ತಾಯಿಯೊಬ್ಬಳು, ಎರಡನೆಯ ಹೆರಿಗೆಯ ಅನಂತರ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದವಳು, ಮೊಲೆಯುಣಿಸುತ್ತಿದ್ದುದರಿಂದ ಮುಟ್ಟು ಬಾರದಿರುವುದು ಸಹಜವೆಂದು ಭಾವಿಸಿ, ಮೂರನೆಯದು ನಿಂತದ್ದನ್ನು ಬಹಳ ತಡವಾಗಿ ಅರಿತು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಳು. ಮೊದಲು ಇಬ್ಬರು ನ್ಯಾಯಮೂರ್ತಿಗಳ ಪೀಠದಿಂದ ಅನುಮತಿ ದೊರೆಯಿತು. ಎರಡೇ ದಿನಗಳಲ್ಲಿ, ವೈದ್ಯರಿಂದ ಬಂದ ಹೊಸ ಮಾತಿನ ಮೇಲೆ, ಆ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನಾಭಿಪ್ರಾಯ ತಳೆದರು. ಅವಳ ನಿಶ್ಚಯವನ್ನು ಗೌರವಿಸಬೇಕೆಂದು ನಿಂತವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊನೆಗೆ ಮೂವರ ಪೀಠ, ಇಪ್ಪತ್ತನಾಲ್ಕು ವಾರ ಮೀರಿದೆ, ತಾಯಿಯ ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿಲ್ಲ ಎಂದು ನಿರಾಕರಿಸಿತು. ಇಪ್ಪತ್ತಾರು ವಾರದ ಗರ್ಭದ ವಿಷಯದಲ್ಲಿ ನ್ಯಾಯಾಧೀಶರ ಮನಸ್ಸು ತುಯ್ದಾಡಿದ್ದು ನನಗೆ ಅರ್ಥವಾಗುತ್ತದೆ. ನಾನು ಆ ಪೀಠದಲ್ಲಿದ್ದರೆ ನನಗೂ ನಿದ್ದೆ ಬರುತ್ತಿರಲಿಲ್ಲ. ನೋವಾದದ್ದು ಬೇರೆ ಕಾರಣಕ್ಕೆ: ಅಷ್ಟು ದಿನ, ಅಷ್ಟು ಜನ, ಅವಳ ಮೈಯನ್ನೂ ಮನಸ್ಸನ್ನೂ ಕುರಿತು ದೇಶದ ಎದುರಿಗೆ ಮಾತಾಡಿದರು.

ಕಾನೂನಿನ ಭಯ ವೈದ್ಯನ ಕೈಯನ್ನು ತಡೆದರೆ ಏನಾಗುತ್ತದೆಂಬುದನ್ನು ಕನ್ನಡ ನಾಡಿನವರಾದ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ, ದಂತವೈದ್ಯೆ, ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ ಗಂಡನೊಡನೆ ಸಂಸಾರ ಹೂಡಿದ್ದಳು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರದ ಬಸುರಿ, ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಬಯಸಿ ಪಡೆದ ಬಸಿರು ಅದು. ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಉಳಿಯದಿದ್ದ ಮೇಲೆ ಬೇಗ ತೆಗೆದುಬಿಡಿ ಎಂದು ಅವಳು ಬೇಡಿಕೊಂಡಳು. ಶಿಶುವಿನ ಹೃದಯ ಇನ್ನೂ ಮಿಡಿಯುತ್ತಿದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಕಾಯುತ್ತಿರುವಂತೆಯೇ ರಕ್ತಕ್ಕೆ ನಂಜೇರಿತು. 28ರಂದು ಅವಳು ತೀರಿಕೊಂಡಳು. ಅವಳಿಗೆ ಮೂವತ್ತೊಂದು ವರ್ಷ. ಹುಟ್ಟದ ಶಿಶುವಿಗೂ ತಾಯಿಗೂ ಪ್ರಾಣದ ಹಕ್ಕು ಸಮಾನವೆಂದು 1983ರಲ್ಲಿ ಆ ದೇಶ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತ್ತು. ಸಮಾನವೆಂಬ ಆ ಮಾತು ಕಾಗದದ ಮೇಲೆ ಎಷ್ಟು ಧರ್ಮಬದ್ಧವಾಗಿ ಕಂಡರೂ, ಹಾಸಿಗೆಯ ಬಳಿಗೆ ಬಂದಾಗ ಅದು ಒಂದೇ ಪ್ರಾಣವನ್ನು ಉಳಿಸಬಹುದಾಗಿದ್ದ ಕಡೆ ಎರಡನ್ನೂ ಕಳೆಯಿತು. ಅವಳು ಬೆಳಗಾವಿಯಲ್ಲಿಯೇ ಇದ್ದಿದ್ದರೆ 1971ರ ಕಾಯಿದೆ ಅವಳ ವೈದ್ಯರ ಕೈಗೆ ಅಡ್ಡಬರುತ್ತಿರಲಿಲ್ಲ. 2018ರ ಮೇ 25ರಂದು ಐರ್ಲೆಂಡಿನ ಜನ, ನೂರಕ್ಕೆ 66.4ರಷ್ಟು ಮತಗಳಿಂದ, ಆ ವಿಧಿಯನ್ನು ಕಿತ್ತುಹಾಕಿದರು. ಬೆಳಗಾವಿಯಲ್ಲಿದ್ದ ಅವಳ ತಂದೆ ಆ ಮತದಾನಕ್ಕೆ ಮುನ್ನ ಅವರಿಗೆ ಮನವಿ ಮಾಡಿಕೊಂಡಿದ್ದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದಿದ್ದ ಅವಳ ಮುಖದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಕ್ಷಮೆ ಬೇಡಿದರೆಂದು ಓದಿದಾಗ ನನಗೆ ಕಣ್ಣು ತುಂಬಿತು. ಪರದೇಶದವರು ನಮ್ಮ ಮಗಳಿಂದ ಕಲಿತರು.

ಇಷ್ಟನ್ನು ಹೇಳಿದರೆ ‘ಮಂಡ್ಯದ ಆಲೆಮನೆಗೆ ಏನು ಹೇಳುತ್ತೀರಿ?’ ಎಂದು ನನ್ನನ್ನು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸರಿಯಲ್ಲ. 2023ರ ಕೊನೆಗೆ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಆ ಜಾಲದಲ್ಲಿ, ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು, ಬಸುರಿಯರನ್ನು ಕರೆತಂದು, ಹೆಣ್ಣೆಂದು ಕಂಡರೆ ತೆಗೆಸಲು ಕಳುಹಿಸುತ್ತಿದ್ದರೆಂಬುದು ಆರೋಪ. ಆಲೆಮನೆಯೆಂದರೆ ನಮ್ಮ ಬಾಲ್ಯದಲ್ಲಿ ಕೊಪ್ಪರಿಗೆಯ ಸುತ್ತ ಕುಳಿತು, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ಬೆರಳು ಸುಟ್ಟುಕೊಳ್ಳುತ್ತಿದ್ದ ಜಾಗ. ಆ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾನೂನು ಬೇಕು, ಕಠಿಣವಾಗಿಯೇ ನಡೆಯಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ನೋಡುವುದನ್ನು ನಿಷೇಧಿಸುವ ಕಾನೂನು. ತೆಗೆಸುವುದನ್ನು ನಿಷೇಧಿಸುವ ಕಾನೂನಲ್ಲ. ನಾವು ಎರಡನ್ನೂ ಕಲಸಿ, ‘ಭ್ರೂಣಹತ್ಯೆ ಮಹಾಪಾಪ’ ಎಂದು ಬಸ್ ನಿಲ್ದಾಣದಲ್ಲಿ, ಶಾಲೆಯ ಗೋಡೆಯಲ್ಲಿ ಬರೆದೆವು. ‘ಹೆಣ್ಣು’ ಎಂಬ ಪದ ಸಣ್ಣದಾಗಿ ಹಿಂದೆ ಸರಿದು, ‘ಹತ್ಯೆ’ ಎಂಬುದು ದಪ್ಪಕ್ಷರದಲ್ಲಿ ಉಳಿಯಿತು. ಎಂಟು ವಾರದಲ್ಲಿ ಗಂಡೋ ಹೆಣ್ಣೋ ಯಾವ ಸ್ಕ್ಯಾನಿಂಗಿಗೂ ಕಾಣದು. ಆದರೂ ನನ್ನ ಅಡಿಗೆಯವಳು ಆ ಫಲಕವನ್ನು ನೋಡಿ ತಾನು ಅಪರಾಧಿಯೆಂದು ಬೆದರಿದಳು. ವೈದ್ಯರೂ ಹಾಗೆಯೇ ಬೆದರುತ್ತಾರೆ. ತಪಾಸಣೆಗೆ ಬರುವ ಅಧಿಕಾರಿಯನ್ನು ನೆನೆದು ಔಷಧದ ಅಂಗಡಿಯವನೂ ಮಾತ್ರೆ ಇಡಲು ಹಿಂಜರಿಯುತ್ತಾನೆ.

ಆಲೆಮನೆಗೆ ಬಂದ ಹೆಂಗಸರಲ್ಲಿ ತಾವೇ ಗಂಡುಮಗು ಬೇಕೆಂದು ಬಂದವರು ಇದ್ದಿರಲಾರರೆಂದು ನಾನು ಹೇಳುವುದಿಲ್ಲ; ಇದ್ದಾರು. ಎರಡು ಹೆಣ್ಣು ಹೆತ್ತ ಸೊಸೆಗೆ ಮನೆಯಲ್ಲಿ ಆಗುವ ಮರ್ಯಾದೆಯನ್ನು ಕಂಡವಳು ಮೂರನೆಯ ಸಲ ಏನು ಬಯಸಿಯಾಳು? ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಕೈಗಳೂ, ಇನ್ನೊಬ್ಬಳನ್ನು ‘ಯಜಮಾನರ ರುಜು ತನ್ನಿ’ ಎಂದು ಹಿಂದಕ್ಕೆ ಕಳುಹಿಸುವ ಕೈಗಳೂ ಬೇರೆ ಬೇರೆಯೆಂದು ನನಗೆ ತೋರುವುದಿಲ್ಲ. ಒಂದು ಕಡೆ ತೆಗೆಸು ಎಂಬ ಅಪ್ಪಣೆ, ಇನ್ನೊಂದು ಕಡೆ ತೆಗೆಸಕೂಡದೆಂಬ ಅಪ್ಪಣೆ. ಅವಳ ಬಾಯಿ ಎರಡು ಕಡೆಯೂ ಮುಚ್ಚಿದೆ.

ಗರ್ಭದಲ್ಲಿರುವ ಜೀವವನ್ನು ನಾನು ಲಘುವಾಗಿ ಕಂಡವಳಲ್ಲ. ಮೂರು ಹೆತ್ತವಳು ನಾನು. ನಡುವೆ ಒಂದು ಐದನೆಯ ತಿಂಗಳಲ್ಲಿ ಹೋಯಿತು, ಅದಕ್ಕೆ ಇಟ್ಟುಕೊಂಡಿದ್ದ ಹೆಸರು ಈಗಲೂ ನನ್ನೊಬ್ಬಳಿಗೆ ನೆನಪಿದೆ. ಆದರೆ ಬಸಿರು ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಅಲ್ಲವೆಂಬುದನ್ನು ಹೆತ್ತವರೆಲ್ಲ ಬಲ್ಲರು, ನಮ್ಮ ಆಯುರ್ವೇದದ ಗ್ರಂಥಕಾರರೂ ಬಲ್ಲವರಾಗಿದ್ದರು: ನಾಲ್ಕನೆಯ ತಿಂಗಳವರೆಗೆ ಜಾರಿದರೆ ಅದನ್ನು ಸ್ರಾವವೆಂದರು, ಶರೀರ ಸ್ಥಿರವಾದ ಮೇಲೆ, ಐದು ಆರನೆಯ ತಿಂಗಳಲ್ಲಿ ಹೋದರೆ ಪಾತವೆಂದರು. ಎರಡು ಸ್ಥಿತಿಗಳಿಗೆ ಎರಡು ಹೆಸರಿಟ್ಟ ಆ ವಿವೇಕಕ್ಕೂ, ವಾರಗಳನ್ನು ಎಣಿಸುವ ಇಂದಿನ ಕಾನೂನಿಗೂ ನಡುವೆ ದೂರ ಬಹಳವಿಲ್ಲ. ವಾರಗಳು ಕಳೆದಂತೆ ಸಮಾಜದ ಮಾತಿಗೆ ಸ್ವಲ್ಪ ಸ್ವಲ್ಪ ತೂಕ ಬರಲಿ, ಒಪ್ಪುತ್ತೇನೆ. ಮೊದಲಿನ ತಿಂಗಳುಗಳಲ್ಲಿ ಮಾತ್ರ ಆ ತೂಕವೆಲ್ಲ ಹೊರುವವಳ ಕಡೆಗೇ ಇರಬೇಕು.

ಗಂಡನಿಗೆ ಏನೂ ಹಕ್ಕಿಲ್ಲವೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನೂ ಕಾಡಿದೆ. ಹೆಂಡತಿ ವೈದ್ಯಕೀಯ ಕಾರಣವಿಲ್ಲದೆ, ಗಂಡನಿಗೆ ತಿಳಿಸದೆ ಗರ್ಭ ತೆಗೆಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದೆಂದು 2007ರಲ್ಲಿ, ಸಮರ್ ಘೋಷ್ ಎಂಬುವರ ವಿಚ್ಛೇದನದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೇಳಿತು. ಹತ್ತು ವರ್ಷದ ಅನಂತರ, ತನ್ನ ಒಪ್ಪಿಗೆಯಿಲ್ಲದೆ ಗರ್ಭ ತೆಗೆದರೆಂದು ಹೆಂಡತಿಯ ಮೇಲೂ ವೈದ್ಯರ ಮೇಲೂ ಪರಿಹಾರದ ದಾವೆ ಹೂಡಿದ ಗಂಡನೊಬ್ಬನ ಮನವಿಯನ್ನು ಅದೇ ಕೋರ್ಟು ತಳ್ಳಿಹಾಕಿತು. ವೈದ್ಯರ ಕಿವಿಯಲ್ಲಿ ಮೊದಲನೆಯದು ಉಳಿದಿದೆ, ಎರಡನೆಯದು ಉಳಿದಿಲ್ಲ. ಒಳ್ಳೆಯ ದಾಂಪತ್ಯದಲ್ಲಿ ಇಂಥ ನಿಶ್ಚಯವನ್ನು ಇಬ್ಬರೂ ಕುಳಿತು, ರಾತ್ರಿ ಮಕ್ಕಳು ಮಲಗಿದ ಮೇಲೆ, ಮೆಲ್ಲಗೆ ಮಾತಾಡಿಯೇ ಮಾಡುತ್ತಾರೆ. ಅವರಿಗೆ ಆಸ್ಪತ್ರೆಯ ರುಜುವಿನ ಬಲವಂತ ಬೇಕಾಗಿಲ್ಲ. ಹಾಗೆ ಮಾತಾಡುವ ಗಂಡನಿಲ್ಲದವಳಿಗೆ ಆ ರುಜು ಸಂಕೋಲೆ. ಒಳ್ಳೆಯವರಿಗೆ ಬೇಡವಾದ, ಉಳಿದವರಿಗೆ ಆಯುಧವಾಗುವ ಪದ್ಧತಿ ಯಾರನ್ನು ಕಾಯುತ್ತದೆ?

ನನ್ನ ಕೋರಿಕೆ ದೊಡ್ಡದಲ್ಲ. ಮೊದಲ ಹನ್ನೆರಡು ವಾರಗಳವರೆಗಾದರೂ ಹೆಣ್ಣಿನ ಕೋರಿಕೆಯೇ ಸಾಕಾದ ಕಾರಣವೆಂದು ಕಾಯಿದೆ ಹೇಳಲಿ. ವೈದ್ಯರು ಅವಳ ಆರೋಗ್ಯ ನೋಡಲಿ, ಅವಳ ಕಾರಣಗಳನ್ನು ತೂಗುವ ಕೆಲಸ ಅವರದಾಗದಿರಲಿ. ನೆರೆಯ ನೇಪಾಳ, ಒಂದು ಕಾಲದಲ್ಲಿ ಗರ್ಭ ತೆಗೆಸಿಕೊಂಡ ಹೆಂಗಸರನ್ನು ಸೆರೆಮನೆಗೆ ಹಾಕುತ್ತಿದ್ದ ದೇಶ, 2002ರಲ್ಲಿಯೇ ಇಷ್ಟನ್ನು ಕೊಟ್ಟಿತು. ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆಯಲು 1930ರಲ್ಲಿಯೇ ಆಜ್ಞೆ ಹೊರಡಿಸಿದ ಮೈಸೂರು ಸಂಸ್ಥಾನದ ಮಕ್ಕಳಿಗೆ ಇದು ಹೊಸ ಧೈರ್ಯವೂ ಅಲ್ಲ. ಇನ್ನು, ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಈ ಸೇವೆ ವಾರವೆಲ್ಲ ದೊರೆಯುವಂತಾಗಲಿ. ಭಾರತದಲ್ಲಿ 2015ರಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದುವೆಂದೂ, ಅವುಗಳಲ್ಲಿ ನೂರಕ್ಕೆ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಗಳಿಂದ ನಡೆದುವೆಂದೂ ಸಂಶೋಧಕರು ಅಂದಾಜು ಮಾಡಿದ್ದಾರೆ. ಒಂದು ಮತ್ತು ನಾಲ್ಕು, ಒಟ್ಟು ಐದು ಮಾತ್ರೆಗಳ ಆ ಸಣ್ಣ ಪೊಟ್ಟಣವನ್ನು ಯಾರದೋ ಕೈಯಿಂದ ತರಿಸಿಕೊಂಡು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ರಕ್ತ ಹೆಚ್ಚಾದರೆ ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತಿರುವ ಹೆಂಗಸರ ಸಂಖ್ಯೆ ಅದು. ಅವರು ಆಸ್ಪತ್ರೆಗೆ ಹೋಗಲಿಲ್ಲವೆಂದು ಬೈಯುವವರು, ಹೋದವರಿಗೆ ಅಲ್ಲಿ ಏನು ಕೇಳುತ್ತಾರೆಂಬುದನ್ನು ಒಮ್ಮೆ ನೋಡಿ ಬರಬೇಕು.

ನಾನೂ ನನ್ನ ಅಡಿಗೆಯವಳೂ ಎರಡನೆಯ ಕಡೆಗೂ ಹೋದೆವು; ಅಲ್ಲಿಯೂ ಅದೇ ಪ್ರಶ್ನೆ. ಗಂಡನ ಫೋನು ಹತ್ತಿದ ದಿನ ಅವನು ‘ಬಂದ್ಮೇಲೆ ನೋಡಣ’ ಎಂದಷ್ಟೇ ಹೇಳಿ ಇಟ್ಟುಬಿಟ್ಟನು, ಬರಲಿಲ್ಲ. ಹೀಗೆ ಎಂಟು ವಾರ ಹನ್ನೊಂದಾಯಿತು; ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಒಂಬತ್ತು ವಾರಗಳ ಅವಧಿ ಮೀರಿ, ಈಗ ಆಸ್ಪತ್ರೆಯಲ್ಲಿ ಮಲಗಲೇಬೇಕಾಯಿತು. ಕೊನೆಗೆ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ವಯಸ್ಸಾದ ಒಬ್ಬ ಡಾಕ್ಟರಮ್ಮ, ಕನ್ನಡಕವನ್ನು ಹಣೆಗೇರಿಸಿ ಇವಳ ಮುಖವನ್ನು ಒಂದು ಕ್ಷಣ ನೋಡಿ, ಕಾಗದವನ್ನೂ ಪೆನ್ನನ್ನೂ ಇವಳ ಕಡೆಗೇ ಸರಿಸಿದರು. ‘ಯಜಮಾನ್ರುದ್ದು?’ ಎಂದು ಇವಳೇ ಕೇಳಿದಳು. ‘ಅವರಿಗೆ ಇದರಲ್ಲಿ ಜಾಗ ಇಲ್ಲಮ್ಮ, ನೀನೇ ಮಾಡಬೇಕು’ ಎಂದರು ಅವರು. ‘ಮಗಳು, ಹೆಂಡತಿ ಅಂತ ಎರಡಿದೆ ನೋಡು, ಯಾವುದು ಬರೀತೀಯ?’ ಇವಳು ಬಹಳ ಹೊತ್ತು ಆ ಕಾಗದವನ್ನು ನೋಡುತ್ತಿದ್ದು, ‘ಅಪ್ಪನ ಹೆಸರೇ ಇರಲಿ ಡಾಕ್ಟ್ರಮ್ಮ, ಅವರು ಹೋಗಿ ಹನ್ನೆರಡು ವರ್ಷ ಆಯ್ತು, ಕೇಳಕ್ಕೆ ಬರಲ್ಲ’ ಎಂದಳು. ಬಳಿಕ ತನ್ನ ಹೆಸರನ್ನು, ಒತ್ತಕ್ಷರ ಬರುವಲ್ಲಿ ಸ್ವಲ್ಪ ತಡೆದು, ಪೂರ್ತಿಯಾಗಿ ಬರೆದಳು.